ಕೊನೆಯ ದಿನಾಂಕ

ಹ್ಯಾಂಡ್‌ಬಿಲ್ ಅಚ್ಚು ಹಾಕಿದಾಂವ ನಾನ.
ಐನೂರು ಪ್ರತಿ, ಹಳದಿ ಹಾಳಿ,
ಬೆಟಗೇರಿ ಸಂಘದ ಬೆಳ್ಳಿಹಬ್ಬಕ್ಕ:
ಕವನ ಸ್ಪರ್ಧೆ. ವಿಷಯ, ಲೋಕದ ಕೊನೆ.
ಇಪ್ಪತ್ತು ಸಾಲು ಮೀರಬಾರದು.
ಕೊನೆಯ ದಿನಾಂಕ ಇದೇ ತಿಂಗಳ ಹದಿನೈದು.

ಹದಿನೈದಕ್ಕ ಡಬ್ಬಿ ತೆಗೆದರ
ನಾಕು ಕವನ, ಒಂದು ಮದುವಿ ಕಾರ್ಡು,
ಯಾರೋ ತಿಂದು ತುರುಕಿದ ಶೇಂಗಾ ಸಿಪ್ಪಿ.
ಸೆಕ್ರೆಟರಿ ಗುರುಶಾಂತಪ್ಪ ಐಲಿ ತಲಿ ಕೆರಕೊಂಡರು:
ಎಂಟು ದಿನ ಮುಂದ ಹಾಕೂಣು.
ಹಂಗಾಗಿ, ಖರ್ಚು ಉದ್ರಿ ಬರಕೊಂಡು,
ಲೋಕದ ಕೊನೆ
ದಿನಾಂಕ ವಿಸ್ತರಿಸಲಾಗಿದೆ
ಅಂತ ದಪ್ಪ ಮೊಳಿಯೊಳಗ ಹೊಡದು
ಟಾಂಗಾಕೂಟದ ಕಂಬಕ್ಕೆಲ್ಲಾ ಅಂಟಿಸಿದಿವಿ.
ಮಂದಿ ನಿಂತು ಓದಿದರು.
ಚಹಾದಂಗಡ್ಯಾಂವ ಅಂದ:
ಹಂಗಾದರ ಎಂಟು ದಿನ ಉದ್ರಿ ಕೊಡಾಕ ಅಡ್ಡಿಯಿಲ್ಲ.

ಆಮ್ಯಾಲೆ ಬಂದವು ನೋಡ್ರಿ, ಅರವತ್ತೊಂದು.
ಒಂಬತ್ತು ಕವನದಾಗ ಏಳೇಳು ಸೂರ್ಯ ಮೂಡಿದವು.
ಕಪ್ಪತಗುಡ್ಡ ಎರಡು ಸಲ ಮುಳುಗಿತು,
ಒಮ್ಮೆ ಉಪ್ಪುನೀರಾಗ, ಒಮ್ಮೆ ರಕ್ತದಾಗ.
ಒಬ್ಬಾಂವ ಗುಡ್ಡದ ಮ್ಯಾಲಿನ ಗಾಳಿಪಂಖ ಉಲ್ಟಾ ತಿರುಗಿಸಿ
ಹೋದ ಗಾಳಿ ವಾಪಸ್ ತರಸಿದ್ದ. ನನಗದು ಸೇರಿತ್ತು,
ಆದರ ಇಪ್ಪತ್ಮೂರು ಸಾಲು.
ಪ್ರಳಯದ ಳ ಹದಿನೇಳು ಕಡೆ ತಿದ್ದಿದೆ.

ಇಪ್ಪತ್ಮೂರಕ್ಕ, ಕರೆಂಟು ಹೋಗಿ
ಓಣಿಯ ಮಗ್ಗೆಲ್ಲಾ ಒಮ್ಮೆಲೆ ಬಾಯಿ ಮುಚ್ಚಿದ ಹೊತ್ತಿಗೆ
ಅಂಬೂಬಾಯಿ ಬಾಕಳೆ ಬಂದಳು,
ಕಂಡಿಕಿ ಸುತ್ತಾಕಿ, ಬೆರಳಿಗೆ ಹತ್ತಿದ ಹಸರು ಬಣ್ಣ ಹಂಗ ಇತ್ತು.
ಕೂಲಿ ಬರಿಯೂ ಪಟ್ಟಿಯ ಹಾಳಿ, ಆರು ಸಾಲು:

ಡಾಕ್ಟರ ಹದಿನೈದರ ತನಕಾ ಅಂದಿದ್ದರು.
ಇವರಿಗೆ ನಿಮ್ಮ ಕಂಬದ ಚೀಟಿ ಓದಿ ಹೇಳಿದೆ.
ನಕ್ಕರು. ಕೆಮ್ಮಿದರು. ಮತ್ತ ನಕ್ಕರು.
ಹದಿನಾರಕ್ಕ ಎದ್ದು ಕುಂತು
ಮಿರ್ಚಿ ಬೇಕಂದರು, ಬಜಾರದ್ದ, ಕರೇ ಎಣ್ಣೀದು.
ಎಂಟು ದಿನ ಭಾಳ ಆತ್ರೀ.

ತಲೆಬರಹ ಇಲ್ಲಲ್ಲ ಅಂದೆ.
ನೀವ ಹಾಕ್ರಿ ಅಂದಳು.
ಅವರು ಈಗ? ಅಂತ ಕೇಳಬೇಕಿತ್ತು.
ಮೋಂಬತ್ತಿ ಹುಡಕೂ ನೆವಾ ಮಾಡಿ ಒಳಗ ಹೋದೆ,
ಬರೂದ್ರಾಗ ಹೋಗಿಬಿಟ್ಟಿದ್ದಳು.

ತೀರ್ಪುಗಾರರು ಹೊಂಬಳ ಮಾಸ್ತರರು, ಕಟ್ಟುನಿಟ್ಟಿನವರು,
ಹಾಳಿ ತಿರುವಿ ಹಿಂದನೂ ನೋಡಿದರು.
ಮನಿ ಸುದ್ದಿ ಐತಿ, ಇದರಾಗ ಲೋಕ ಎಲ್ಲೈತಿ?
ಸ್ಟೀಲಿನ ಕೊಡ ಏಳು ಸೂರ್ಯರ ಪಾಲಾತು.

ಬಿಲ್ಲು ಹೊಡದ ಮ್ಯಾಲೆ ಮೊಳಿ ಬಿಚ್ಚಿ
ಖಾನೆ ಖಾನೆಗೆ ವಾಪಸ್ ಹಾಕೂದು ನಮ್ಮ ರೂಢಿ,
ಲ ಲಕಾರಕ್ಕ, ಕ ಕಕಾರಕ್ಕ.
ಅದೊಂದನ್ನ ಬಿಚ್ಚಿಲ್ಲ.
ತಾರೀಖಿನ ಎರಡು ಅಂಕಿ ಅಷ್ಟ ಕಿತ್ತು
ಉಳಿದದ್ದಕ್ಕ ದಾರ ಸುತ್ತಿ ಕಪಾಟಿನಾಗ ಇಟ್ಟೀನಿ.
ಯಾರಿಗರ ಬೇಕಾಗ್ತದ.

ಐಲಿಯವರ ಉದ್ರಿ ಇನ್ನೂ ಬಂದಿಲ್ಲ.