ಕಸಿಗಂಟು

ಔಸ್ತ್ರಾ ಸತ್ತಮೇಲೆ ಮನೆ ನನ್ನ ಹೆಸರಿಗೆ ಬಂತು.
ಮಗನಿಗಲ್ಲ; ಮಗ ಬಿಟ್ಟ ಹೆಂಡತಿಗೆ.
ಕುಲ್ದೀಗದ ಅರ್ಧ ಪೇಟೆ ಹುಬ್ಬೇರಿಸಿತು,
ಇನ್ನರ್ಧ, ನಾನು ಬೀಗ ತೆಗೆಯುವುದನ್ನು ನೋಡಲು
ಬೇಲಿಯವರೆಗೂ ಬಂತು.

ಒಳಗೆ ಎಲ್ಲ ಒಪ್ಪ. ಹೊರಗೆ
ಅಡುಗೆಮನೆ ಕಿಟಕಿಯನ್ನು ನುಂಗಿ ನಿಂತ ಲೈಲಾಕ್ ಪೊದೆ:
ತೋಳುಗಾತ್ರದ ಹನ್ನೊಂದು ಕಾಂಡ,
ಒಂದಕ್ಕೊಂದು ಉಜ್ಜಿ ತೊಗಟೆ ಸುಲಿದವು,
ಮೈತುಂಬ ಕಲ್ಲುಹೂವು.
ಬೇರೆ ಹೂವಿಲ್ಲ.
ಇದ್ದರೂ ಹೆಂಚಿನಾಚೆ, ಕಾಗೆಗಳ ಪಾಲಿಗೆ.

ಅವಳಿದ್ದಾಗ ಅದರ ತಂಟೆಗೆ ಹೋಗುವಂತಿರಲಿಲ್ಲ.
"ಬಿಳಿ ಜಾತಿ, ಕೈ ಇಡಬೇಡ" ಎನ್ನುತ್ತಿದ್ದಳು,
ಉಪ್ಪಿನ ಡಬ್ಬಿ, ಒಲೆಯ ಕಿಂಡಿ, ತನ್ನ ಮಗ,
ಎಲ್ಲದರ ಬಗ್ಗೆಯೂ ಅದೇ ದನಿ.

ಪಕ್ಕದ ಮನೆಯ ಇಲ್ಗ್ವಾರ್ಸ್ ಗರಗಸ ತಂದ.
ಮಾರ್ಚ್. ನೆಲ ಇನ್ನೂ ಕಬ್ಬಿಣ.
"ಮೂರರಲ್ಲೊಂದು ಪಾಲು ಈ ವರ್ಷ, ಮುಂದಿನ ವರ್ಷ ಇನ್ನೊಂದು.
ಒಮ್ಮೆಗೇ ಬೋಳಿಸಿದರೆ
ತಾನು ಯಾರೆಂಬುದೇ ಅದಕ್ಕೆ ಮರೆತುಹೋಗುತ್ತೆ."
ನಾನೇನೂ ಅನ್ನಲಿಲ್ಲ.
ವಕೀಲರ ಮುಂದೆ ಒಂದೇ ಬೆಳಗಿನಲ್ಲಿ
ಹೆಸರು, ಹಾಸಿಗೆ, ನಾಯಿ ಬಿಟ್ಟುಕೊಟ್ಟವಳು.

ಮೊದಲ ವರ್ಷ ನಾಲ್ಕು ಕಾಂಡ.
ಕೊಯ್ದಲ್ಲಿ, ಹಸಿ ಮರದ ನಡುವೆ, ನೇರಳೆ ಗೆರೆ.
ಬುಡಕ್ಕೆ ಒಲೆಯ ಬೂದಿ, ಕೋಳಿಗೊಬ್ಬರ.
ಮರುವರ್ಷ ಮತ್ತೆ ನಾಲ್ಕು. ಅಡುಗೆಮನೆಗೆ ಬಿಸಿಲು ಬಂತು,
ಬಂದದ್ದೇ, ನಾನು ಒರೆಸದ ಜಿಡ್ಡನ್ನೆಲ್ಲ ಎತ್ತಿ ತೋರಿಸಿತು,
ಥೇಟ್ ಅತ್ತೆ.
ಮೂರನೆಯ ವರ್ಷ ಉಳಿದ ಮೂರು.
ಅಷ್ಟರಲ್ಲಿ ಮಣ್ಣು ಸೀಳಿ ಬಂದ ಎಳೆಯವು
ಕಿಟಕಿಯ ಹಲಗೆ ಮುಟ್ಟಿದ್ದವು.

ಮೊಗ್ಗು ಬಂದದ್ದು ಅದರ ಮರುವರ್ಷದ ಮೇ ತಿಂಗಳಲ್ಲಿ.
ಇಲ್ಗ್ವಾರ್ಸ್ ಬೇಲಿಯಾಚೆ ನಿಂತು ಟೋಪಿ ತೆಗೆದ,
ಮತ್ತೆ ಹಾಕಿಕೊಂಡ.
ಅರಳಿದ್ದು ಬಿಳಿಯಲ್ಲ.
ಊರ ಬೇಲಿಬೇಲಿಗೂ ಬಿಡುವ ಮಾಮೂಲಿ ನೇರಳೆ.

ಮಂಡಿಯೂರಿ ಬುಡ ಕೆದಕಿದೆ.
ಗೇಣು ಆಳದಲ್ಲಿ ಕಸಿಯ ಗಂಟು.
ಎಳೆಯವೆಲ್ಲ ಅದರ ಕೆಳಗಿಂದ ಎದ್ದವು.
ಬಿಳಿಯದನ್ನು ನಾವೇ ಕಡಿದೆವೋ
ಅದು ಎಂದೋ ಸತ್ತು, ಬೇರೇ ಮೇಲೆದ್ದು
ಇಷ್ಟು ವರ್ಷ ಅದರ ಹೆಸರಲ್ಲಿ ನಿಂತಿತ್ತೋ,
ಔಸ್ತ್ರಾಗೆ ಗೊತ್ತಿತ್ತೋ ಇಲ್ಲವೋ,
ಕಾಗೆಗಳನ್ನು ಕೇಳಬೇಕು.

ಇಲ್ಲಿಯವರು ಹೇಳುತ್ತಾರೆ, ಐದೆಸಳಿನದು ಸಿಕ್ಕರೆ
ತಿಂದುಬಿಡಬೇಕು, ಅದೃಷ್ಟವಂತೆ.
ಒಂದು ಗೊಂಚಲು ಪೂರ್ತಿ ಎಣಿಸಿದೆ:
ನಾಲ್ಕು, ನಾಲ್ಕು, ನಾಲ್ಕು.
ಒಳಗೆ ಹಾಲು ಉಕ್ಕಿದ ವಾಸನೆ.
ಎದ್ದು ಓಡುವಾಗ
ನಾಲ್ಕರದ್ದೇ ಒಂದು ಬಾಯಿಗೆ ಹಾಕಿಕೊಂಡೆ.
ಕಹಿ.
ಆದರೂ ಉಗುಳಲಿಲ್ಲ.