ಷರಾ

ನಾಲ್ಕು ಕಲಮು ತುಂಬಿದರೆ ಸಾಕು ನನಗೆ:
ಏನು, ಎಲ್ಲಿ, ಯಾವತ್ತು, ಕಂಡವರು ಯಾರು.
ಐದನೆಯದು ಷರಾ. ಕಡ್ಡಾಯವಲ್ಲ.
ಮಳೆ ಇತ್ತು, ಗಾಳಿ ಇರಲಿಲ್ಲ, ಅಂತೇನಾದರೂ
ಬರೆಯುವವರು ಬರೆಯುತ್ತಾರೆ; ಓದಿ ಮುಂದೆ ಹೋಗುತ್ತೇನೆ.

ಉತ್ತರ ವೇಲ್ಸಿನ ಈ ಮೂಲೆಯ
ಮಿಣುಕುಹುಳಗಳ ಲೆಕ್ಕ ನನ್ನದು. ಸಂಬಳವಿಲ್ಲ.
ಅಡುಗೆಮನೆಯ ಮೇಜು, ಒಂದು ಭೂತಗನ್ನಡಿ,
ಹನ್ನೊಂದು ವರ್ಷದ ಕಂಪ್ಯೂಟರು.
ಇಲ್ಲಿ ಹೆಣ್ಣಿಗೆ ರೆಕ್ಕೆಯಿಲ್ಲ. ಜೂನ್ ಬಂದರೆ
ಹುಲ್ಲಿನ ಎಸಳು ಹತ್ತಿ, ಮೈ ತಿರುಚಿ,
ಬಾಲದಲ್ಲಿ ಹಸಿರು ಹಚ್ಚಿಕೊಂಡು ಕೂರುತ್ತಾಳೆ.
ಬರುವವನು ಬಂದರೆ ಆರಿಸುತ್ತಾಳೆ.
ಅಷ್ಟೇ ಸಂಸಾರ.

ಜನ ಏನೇನೋ ಕಳಿಸುತ್ತಾರೆ.
ಸಿಗರೇಟಿನ ತುದಿ, ಬೆಕ್ಕಿನ ಕಣ್ಣು,
ಹೂದೋಟದಲ್ಲಿ ನೆಟ್ಟ ಸೋಲಾರ್ ದೀಪ.
‘ಒಪ್ಪಿಲ್ಲ’ ಒತ್ತುತ್ತೇನೆ, ಜೊತೆಗೊಂದು ಥ್ಯಾಂಕ್ಸು.

ಇಡ್ವಾಲ್ ಪ್ರಿಚರ್ಡನದು ಮಾತ್ರ
ಕಣ್ಣು ಮುಚ್ಚಿ ಒಪ್ಪಬಹುದಾದ ಕೈ.
ಆಸ್ಪತ್ರೆಯಲ್ಲಿ ರಾತ್ರಿ ಪಾಳಿ, ಸ್ಟ್ರೆಚರು ತಳ್ಳುವ ಕೆಲಸ.
ಪಾಳಿಯಿಲ್ಲದ ರಾತ್ರಿಯೂ ನಿದ್ದೆ ಹತ್ತದೆ
ಹಳೇ ಗಣಿಯ ದಾರಿ ಹಿಡಿಯುತ್ತಾನೆ.
ಗುಡ್ಡಕ್ಕೆ ಗುಡ್ಡವೇ ಸ್ಲೇಟು ಅಲ್ಲಿ,
ಬರೆಯುವವರಿಲ್ಲದೆ ಬಿದ್ದದ್ದು.
ಎರಡಕ್ಷರ, ಆರಂಕಿಯ ನಕ್ಷೆಗುರುತು, ಒಂದೂ ತಪ್ಪಿಲ್ಲ.

ಜೂನ್ ಹದಿನೆಂಟು: ಒಂಬತ್ತು. ಷರಾ: ಮೋಟ್ ಜೊತೆಗಿದ್ದ.
ಜುಲೈ ಎರಡು: ಇಪ್ಪತ್ತೊಂದು. ಷರಾ: ಮೋಟ್ ಒಂದನ್ನು ಮೂಸಿದ, ಬೈದೆ.
ಮರುವರ್ಷ: ಆರು. ಷರಾ: ಮೋಟ್ ಇಲ್ಲ.

ನಾಲ್ಕು ಬೆರಳಗಲದ ಖಾನೆಯಲ್ಲಿ
ಒಬ್ಬ ಮನುಷ್ಯ ನಾಯಿಯನ್ನು ಹೂತು ಹೋಗಿದ್ದ.
ನಾನು ‘ಒಪ್ಪಿದೆ’ ಒತ್ತಿದೆ.
ಒತ್ತಲು ಬೇರೆ ಇರಲಿಲ್ಲ.

ಆಮೇಲೆ ಈ ಜನವರಿಯದು.
ಅದೇ ಗಣಿ, ರಾತ್ರಿ ಒಂದೂ ನಲವತ್ತು, ಸಂಖ್ಯೆ: ಒಂದು.
ಷರಾ ಖಾಲಿ.
ಜನವರಿಯಲ್ಲಿ? ಹೆಪ್ಪುಗಟ್ಟಿದ ಹುಲ್ಲಿನ ಮೇಲೆ?
ಮರಿಹುಳ ಕೂಡ ಕಲ್ಲಿನಡಿ ಮುದುಡಿ
ಬಸವನಹುಳದ ಕನಸು ಕಾಣುವ ಕಾಲ.
ಕಣ್ಣಿಗೆ ಪೊರೆ ಬಂದಿರಬೇಕು ಅಂದುಕೊಂಡೆ
(ನನಗೂ ಬಂದಿದೆ, ಎಡಗಣ್ಣಿಗೆ).
ಬರೆದೆ: ಫೋಟೋ ಇದ್ದರೆ ದಯವಿಟ್ಟು ಕಳಿಸಿ.

ಎರಡು ವಾರ ಬಿಟ್ಟು ಉತ್ತರ:
“ಹುಳವಲ್ಲ, ನನಗೂ ಗೊತ್ತಿತ್ತು. ಅಭ್ಯಾಸಕ್ಕೆ ಕೈ ಬರೆಯಿತು.
ಗಣಿಯ ಅಂಚಿಗೆ ಮೂತಿ ಮಾಡಿ ನಿಂತ ಕಾರು,
ಒಳಗೆ ಹುಡುಗ, ಮುಖದ ಮೇಲೆ ಫೋನಿನ ಬೆಳಕು.
ಗಾಜು ತಟ್ಟಿದೆ. ಏನು ಮಾತಾಡಬೇಕೋ ತೋಚದೆ
ಈ ಹುಳ ಬಸವನಹುಳವನ್ನು ಹೇಗೆ ತಿನ್ನುತ್ತದೆ ಅಂತ ಹೇಳಿದೆ.
ಬೆಳಗಿನ ತನಕ ಅದನ್ನೇ ಹೇಳಿದೆ. ಫ್ಲಾಸ್ಕಿನ ಟೀ ಮುಗಿಯಿತು.
ಎಲ್ಲಿ ಬರೆಯಬೇಕು ತಿಳಿಯಲಿಲ್ಲ. ಹೊಡೆದುಹಾಕಿ.”

ಹೊಡೆದುಹಾಕಿದೆ. ನಿಯಮ ನಿಯಮವೇ.
ನಾಳೆ ಯಾರೋ ನಕ್ಷೆ ಬಿಡಿಸುವಾಗ
ಜನವರಿಯ ಒಂದು ಚುಕ್ಕೆ
ಅವರ ದಾರಿ ತಪ್ಪಿಸಬಾರದು.
ಕಾರಣ ಕೇಳುವ ಪಟ್ಟಿಯಲ್ಲಿ ಮೂರೇ ಇವೆ:
ಕಾಲ ತಪ್ಪು, ಜಾಗ ತಪ್ಪು, ಜೀವಿ ತಪ್ಪು.
ಮೊದಲನೆಯದನ್ನು ಆರಿಸಿದೆ, ಅಳಿಸಿದೆ.
ಕಾಲ ತಪ್ಪಿರಲಿಲ್ಲ. ಜಾಗವೂ.
ಉಳಿದದ್ದನ್ನು ಒತ್ತುವ ಹೊತ್ತಿಗೆ
ನನ್ನ ಟೀ ಕೂಡ ಆರಿತ್ತು.

ನಿನ್ನೆ ಬಂತು, ಜೂನಿನ ಮೊದಲ ಲೆಕ್ಕ.
ಕಂಡವರು: ಇ. ಪ್ರಿಚರ್ಡ್, ಮ್ಯಾಕ್ಸೆನ್ ರೋಲಂಡ್ಸ್.
ಸಂಖ್ಯೆ: ಹದಿಮೂರು.
ಷರಾ: ಹುಡುಗ ಹದಿನಾಲ್ಕು ಅನ್ನುತ್ತಾನೆ.
ಒಂದು ಬಾಟಲಿ ಚೂರು ಅಂತ ನಾನು. ಜಗಳ ಮುಗಿದಿಲ್ಲ.

ಹದಿಮೂರು ಎಂದೇ ಏರಿಸಿದೆ.
ಮತ್ತೆ, ಆ ಇನ್ನೊಂದರ ಫೋಟೋ ಇದ್ದರೆ
ದಯವಿಟ್ಟು ಕಳಿಸಿ ಎಂದು
ಹುಡುಗನ ಹೆಸರಿಗೇ ಬರೆದಿದ್ದೇನೆ.