ಸುಂಕದವನ ಮುಂದೆ

ಇಪ್ಪತ್ತೆರಡು ವರ್ಷ ಜೆಬೆಲ್ ಅಲಿ ಬಂದರಿನಲ್ಲಿ
ಕ್ಲಿಯರಿಂಗ್ ಕಂಪನಿಯ ಗುಮಾಸ್ತ. ಪೆಟ್ಟಿಗೆ ತಟ್ಟಿ ನೋಡುವುದೇ ಕಸುಬು.
ಹೊಲಿಗೆ ಯಂತ್ರದ ಬಿಡಿಭಾಗ ಎಂದು ಬರೆದಿತ್ತು ಒಮ್ಮೆ.
ಫೋರ್ಕ್‌ಲಿಫ್ಟಿನ ಸರ್ಬಲಂದ್ ಖಾನ್ ಮೂಗು ಮುರಿದ:
ಹೊಲಿಗೆ ಯಂತ್ರ ಇಷ್ಟು ಬಿಗುಮಾನದಲ್ಲಿ ಕೂರುವುದಿಲ್ಲ, ಭಾಯ್.
ತೆರೆದರೆ, ನಿಜ.
ಕಾಗದ ಸುಳ್ಳು ಹೇಳುತ್ತದೆ, ಭಾರ ಹೇಳುವುದಿಲ್ಲ;
ಅಷ್ಟು ತಿಳಿದಿದ್ದರೆ ಸಾಕಿತ್ತು ಆಗ.

ಈಗ ಬಂದರಿನ ಬೆನ್ನಿಗೆ, ಉಪ್ಪುನೆಲದ ಮೇಲೆ,
ಕಿಟಕಿಯಿಲ್ಲದ ಕಟ್ಟಡ.
ಹೊರಗೆ ನಲವತ್ತೇಳು ಡಿಗ್ರಿ, ಒಳಗೆ ಯಂತ್ರಗಳಿಗೆ ಮಾಘದ ಚಳಿ.
ನನಗೂ ಒಂದು ಸ್ವೆಟರ್ ಕೊಟ್ಟಿದ್ದಾರೆ.
ಇವು ಹಡಗಿನಿಂದ ಇಳಿದಾಗ ಕಾಗದ ನೋಡಿದವನು ನಾನೇ.
ಬಂದ ಮೇಲೆ ಒಂದಂಗುಲ ಅಲುಗಿಲ್ಲ.

ಹೊಸ ಕಾಯಿದೆ ಬಂದದ್ದು ರಮ್ಜಾನಿನ ಹತ್ತನೇ ದಿನ.
ಹದಿನಾರು ಪುಟ. ಸಾರ ಇಷ್ಟೇ:
ದೂರ ಕೂತು ಮುಟ್ಟಿದವನೂ ಹೊತ್ತೊಯ್ದವನೇ.

ನಗು ಬಂತು ಮೊದಲು.
ಬಾವಿ ಇದ್ದಲ್ಲೇ ಇದೆ, ಸೇದಿದವರ ಊರು ಕೇಳಬೇಕಂತೆ!
ಆಮೇಲೆ ನಗು ನಿಂತಿತು.
ಬಾವಿಯನ್ನು ಯಾರು ತಾನೇ ಹೊತ್ತೊಯ್ದಾರು?
ಒಯ್ಯುವುದು ನೀರನ್ನೇ ಅಲ್ಲವೆ.

ಪರದೆಯ ಮೇಲೆ ಅರ್ಜಿ. ಕಂಪನಿ ಶಾರ್ಜಾದ್ದು,
ಹಣ ಯಾವುದೋ ದ್ವೀಪದ್ದು, ಬೆರಳು ಎಲ್ಲಿಯದೋ.
ತಟ್ಟಿ ನೋಡಲು ಹಲಗೆಯಿಲ್ಲ. ಎತ್ತಿ ನೋಡಲು
ಸರ್ಬಲಂದನಿಲ್ಲ, ಅವನು ಪೇಶಾವರಕ್ಕೆ ಮರಳಿ ಮೂರು ವರ್ಷ.
ಉದ್ದೇಶ ಎಂಬ ಖಾನೆಯಲ್ಲಿ ಪರ್ವಾನೆ ಎಂಬಾಕೆ
ಧೂಳುಗಾಳಿಯ ಲೆಕ್ಕ ಹಾಕಬೇಕು ಎಂದು ಬರೆದು
ಕೇಳದಿದ್ದರೂ ಸೇರಿಸಿದ್ದಾಳೆ:
ನಮ್ಮ ಧೂಳು ನಾಲ್ಕನೇ ದಿನಕ್ಕೆ ನಿಮ್ಮಲ್ಲಿಗೇ ಬರುತ್ತದೆ.

ಓ, ಹಾಗಾದರೆ ಆಚೆ ದಡ. ಮಂಜಿಯಲ್ಲಿ ಒಂದು ರಾತ್ರಿಯ ಹಾದಿ.
ಸುಂಕದವನ ಮುಂದೆ ಸುಖದುಃಖ ಹೇಳಬಾರದೆಂದು
ಅವಳ ಭಾಷೆಯಲ್ಲಿ ಗಾದೆಯಿಲ್ಲವೇನೋ.
ಧೂಳನ್ನು ಲೆಕ್ಕ ಹಾಕುವ ಯಂತ್ರವೇ ಕ್ಷಿಪಣಿಯನ್ನೂ ಹಾಕುತ್ತದೆ,
ಅದೇ ಗಣಿತ, ಅದೇ ಗಂಟೆಯ ಬಾಡಿಗೆ.

ಸತ್ವಾದ ಕೋಣೆಯ ಮೇಲುಮಂಚದಲ್ಲಿ ಮಲಗಿ
ಹನ್ನೊಂದು ವರ್ಷ, ಶುಕ್ರವಾರ ಶುಕ್ರವಾರ,
ನಿಷೇಧವಿದ್ದ ಆ್ಯಪನ್ನು ಕದ್ದು ತೆರೆದು
ಗಂಗೊಳ್ಳಿಯ ಪಡಸಾಲೆಯನ್ನು ಅಂಗೈಯಗಲ ಗಾಜಿನಲ್ಲಿ ನೋಡಿದವನು ನಾನು.
ನುಸೈಬಾಳ ಹಲ್ಲು ಬಿದ್ದದ್ದು, ಮತ್ತೆ ಬಂದದ್ದು,
ಸೈಕಲ್ಲಿಂದ ಜಾರಿ ತರಚಿದ ಮಂಡಿ,
ಊದಿದರೆ ಇಲ್ಲಿಯ ಗಾಜು ಮಸುಕಾಗುತ್ತಿತ್ತು.
ಕಾಯಿದೆಯ ಪ್ರಕಾರ ಅಷ್ಟನ್ನೂ ನಾನು ತಂದೆ,
ಸುಂಕ ಕಟ್ಟದೆ.
ಅವಳು ಒಪ್ಪುವುದಿಲ್ಲ.
ನೀವು ಇರಲೇ ಇಲ್ಲವಲ್ಲ ಅಬ್ಬಾ, ಎನ್ನುತ್ತಾಳೆ, ಸಿಟ್ಟಿಲ್ಲದೆ.

ಮೇಜಿನ ಖಾನೆಯಲ್ಲಿ ಸೀಸದ ಮುದ್ರೆ ಒತ್ತುತ್ತಿದ್ದ ಇಕ್ಕಳ
ಇನ್ನೂ ಇದೆ. ಬಾದಾಮಿ ಒಡೆಯಲು ಚೆನ್ನ.
ಅರ್ಜಿಯ ಕೆಳಗೆ ಮೂರು ಗುಂಡಿ: ಕೊಡು, ಬೇಡ, ಮೇಲಿನವರಿಗೆ.
ಮೇಲಿನವರಿಗೆ ಒತ್ತಿದೆ.
ಮೇಲಿನವರು ಏನು ಒತ್ತುತ್ತಾರೆಂದು ಗೊತ್ತಿದ್ದೂ.

ಪಾಳಿ ಮುಗಿಸಿ ಹೊರಬಂದರೆ
ಕಾರಿನ ಗಾಜಿನ ಮೇಲೆ ತೆಳ್ಳಗೆ ಧೂಳು.
ಬೆರಳಾಡಿಸಿದೆ. ಯಾವ ದಡದ್ದೋ.
ವೈಪರ್ ಹಾಕಿದೆ.